ಮನೆಮಂದಿಯ ಒಟ್ಟು ತೂಕ

ಬೆಳಗಿನಿಂದ ಸಂಜೆಯವರೆಗೆ ಎದುರಿಗೆ ಕೂತವರ ಮೂಗಿನ ಮೇಲೆ ಗಾಜು ಬದಲಾಯಿಸುತ್ತ, "ಇದು ಚೆನ್ನಾಗಿ ಕಾಣುತ್ತೋ, ಇದೋ?" ಎಂದು ಕೇಳುವುದು ಕನ್ನಡಕದಣ್ಣನ ಉದ್ಯೋಗ. ಊರಿಗೆಲ್ಲ ಆರಿಸಿಕೊಳ್ಳುವುದನ್ನು ಕಲಿಸಿದ ಈ ಮನುಷ್ಯನಿಗೆ ಸ್ವಂತಕ್ಕೆ ಒಂದು ಟವೆಲ್ಲು ಆರಿಸಲೂ ಬರುತ್ತಿರಲಿಲ್ಲ. ಅವನು ತಂದ ಅಂಗಿ, ಬಕೆಟ್ಟು, ಗಡಿಯಾರ, ಒಮ್ಮೆ ತಂದ ಬಾಗಿಲ ಚಿಲಕ, ಎಲ್ಲವನ್ನೂ ಹೆಂಡತಿ ಮಾರನೆಯ ದಿನವೇ ಚೀಲಕ್ಕೆ ಹಾಕಿಕೊಂಡು ಹೋಗಿ ಬದಲಾಯಿಸಿಕೊಂಡು ಬರುತ್ತಿದ್ದಳು. ಅಂಗಡಿಯವರು ಇವನಿಗೆ ಬಿಲ್ಲು ಕೊಡುವಾಗಲೇ, "ಅಮ್ಮಾವ್ರು ನಾಳೆ ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳುವಷ್ಟು ಅದು ರೂಢಿಯಾಗಿಹೋಗಿತ್ತು.

ಇಂಥವನು ದೋಣಿ ಕೊಳ್ಳಲು ಹೊರಟದ್ದಕ್ಕೆ ಕಾರಣ ಹಲ್ಲಿನ ಡಾಕ್ಟರು.

ಡಾಕ್ಟರು ಒಂದು ದಿನ ಕನ್ನಡಕವಿಲ್ಲದೆ ಅಂಗಡಿಗೆ ಬಂದರು. ಬಂದವರು ಗೋಡೆಯ ಕನ್ನಡಿಯಲ್ಲಿದ್ದ ತಮಗೇ ನಮಸ್ಕಾರ ಹೇಳಿ, ಆಮೇಲೆ ದನಿ ಕೇಳಿ ಕನ್ನಡಕದಣ್ಣನ ಕಡೆ ತಿರುಗಿದರು.

"ಹೊಸದು ಮಾಡಿಕೊಡಪ್ಪ. ಹಳೇದು ಕೆರೆಗೆ ಬಿತ್ತು. ದೋಣಿಯಿಂದ ಸ್ವಲ್ಪ ಬಗ್ಗಿದೆ ನೋಡು, ಹೋಯ್ತು!"

ಕನ್ನಡಕ ಕಳೆದುಕೊಂಡವರ ಮುಖಗಳನ್ನು ಅವನು ಬೇಕಾದಷ್ಟು ನೋಡಿದ್ದ. ಕಳೆದುಕೊಂಡು ಇಷ್ಟು ಖುಷಿಯಾಗಿದ್ದವರನ್ನು ನೋಡಿರಲಿಲ್ಲ. ಅದೇನು ಹೊಳೆಯಿತೋ, ಗಾಜು ಒರೆಸುತ್ತ, "ದೋಣಿ ಅಂದ್ಮೇಲೆ ಅದೆಲ್ಲ ಇದ್ದದ್ದೇ ಸಾರ್," ಎಂದುಬಿಟ್ಟ.

"ಓ! ನಿಮ್ಮನೇಲೂ ದೋಣಿ ಇದೆಯಾ? ಯಾವುದು?"

'ಇಲ್ಲ' ಎನ್ನಲು ಎರಡಕ್ಷರ ಸಾಕಿತ್ತು. ಆದರೆ ಆ ಎರಡಕ್ಷರ ಬೇಕಾದ ಹೊತ್ತಿಗೆ ಬಾಯಿಗೆ ಬರುವ ಜಾತಿಯ ಮನುಷ್ಯ ಅವನಲ್ಲ. "ಈಗ... ಬದಲಾಯಿಸ್ತಾ ಇದೀವಿ ಸಾರ್," ಎಂದ.

"ಹಾಗಾದ್ರೆ ಕೆರೆ ಪಕ್ಕದ ಶೆಡ್ಡಿಗೆ ಹೋಗು. ನಾನೇ ಕಳಿಸಿದೆ ಅನ್ನು," ಎಂದು ಡಾಕ್ಟರು ಕನ್ನಡಿಗೆ ಇನ್ನೊಂದು ನಮಸ್ಕಾರ ಹೇಳಿ ಹೊರಟರು.

ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಸುಳ್ಳು ಹೇಳಿ ಮನೆಗೆ ಹೋದಾಗ ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮನೆಯ ಪರದೆ ಹೊಲಿಯುತ್ತಿದ್ದಳು. ಕಾಲು ಪೆಡಲಿನ ಮೇಲೆ, ಬಾಯಲ್ಲಿ ಗುಂಡುಸೂಜಿ. ಭಾನುವಾರವೂ ಇದೇ, ಹಬ್ಬ ಹುಣ್ಣಿಮೆಗೂ ಇದೇ. ನೀರ ಮೇಲೆ ಪೆಡಲು ಇರುವುದಿಲ್ಲವಲ್ಲ ಎಂದು ಅವನಿಗೆ ಅನ್ನಿಸಿತು. ಅಂಗಡಿಯ ಮಾಲೀಕರು ಕೊಟ್ಟ ಬೋನಸ್ಸು ಇನ್ನೂ ಮುರಿದಿರಲಿಲ್ಲ. ಮೇಲಾಗಿ ದೋಣಿಯನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಬದಲಾಯಿಸಲು ಯಾರಿಂದಲೂ ಆಗುವುದಿಲ್ಲ. ಯಾರಿಗೂ ಹೇಳದೆ ಕೊಂಡು, ಒಂದು ದಿನ ಎಲ್ಲರನ್ನೂ ದಡಕ್ಕೆ ಕರೆದೊಯ್ದು, "ಹತ್ತಿ!" ಎನ್ನಬೇಕೆಂದು ನಿರ್ಧರಿಸಿದ.

ಶೆಡ್ಡಿನ ಮಾಲೀಕರು ಮಾತಿಗೆ ನಿಂತರೆ ದಡ ಸೇರುವ ಪೈಕಿ ಅಲ್ಲ. ಮೊದಲು ಡಾಕ್ಟರ ದೋಣಿಯಂಥದೇ ನೀಲಿ ಬಣ್ಣದ್ದನ್ನು ತೋರಿಸಿದರು. ಬೆಲೆ ಕೇಳಿ ಕನ್ನಡಕದಣ್ಣ ತನ್ನ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ, ಬೆಲೆ ಬದಲಾಗಲಿಲ್ಲ. ಆಮೇಲೆ ಗಾಳಿ ತುಂಬುವ ರಬ್ಬರ್ ದೋಣಿ ತೋರಿಸಿದರು. ಎಲ್ಲಿ ಕೂತರೂ ಎದ್ದಾಗ ಬಟ್ಟೆಯಲ್ಲಿ ಒಂದು ಸೂಜಿ ಸಿಗುವ ಮನೆ ತನ್ನದು ಎಂಬುದನ್ನು ನೆನೆದು ಅವನು ಅದನ್ನು ಮುಟ್ಟಲೂ ಹೋಗಲಿಲ್ಲ. ಮೂರನೆಯದು ಬಿಳಿ ದೋಣಿ. ಯಾರೋ ಬಳಸಿ ಬಿಟ್ಟದ್ದು. ಪಕ್ಕದಲ್ಲಿ ಕೆಂಪು ಗೆರೆ, ಕೂರಲು ಎರಡು ಹಲಗೆ, ಕೈಗೆ ಎಟುಕುವ ಬೆಲೆ. ಅದನ್ನು ನೋಡಿದ್ದೇ ಅವನ ಮನಸ್ಸು ಹೋಗಿ ಒಳಗೆ ಕೂತುಬಿಟ್ಟಿತು. ಅದರ ಹಿಂದೆ ಡಾಂಬರು ಬಳಿದ ಇನ್ನೊಂದು ಮರದ ದೋಣಿ ಬಿದ್ದಿತ್ತು. ಯಾವುದೋ ರಾಕ್ಷಸನ ಬೀರುವಿನಿಂದ ಕಳಚಿಟ್ಟ ಡ್ರಾಯರಿನಂತಿದ್ದ ಅದನ್ನು ನೋಡಿಯೂ ನೋಡದವನಂತೆ ಅವನು ಮುಖ ತಿರುಗಿಸಿದ.

"ಎಷ್ಟು ಜನ ಮನೇಲಿ?" ಮಾಲೀಕರು ಕೇಳಿದರು.

"ನಾನು, ಹೆಂಡತಿ, ಮಗಳು, ಅತ್ತೆಯವರು. ಭಾವಮೈದುನ ಬೇರೆ ಮನೆ, ಆದ್ರೆ ಊಟದ ಹೊತ್ತಿಗೆ ನಮ್ಮನೇಲೇ ಇರ್ತಾನೆ. ಐದು ಅಂತ ಇಟ್ಕೊಳ್ಳಿ."

"ಜನ ಬಿಡಿ, ತೂಕ ಹೇಳಿ. ನೀರಿಗೆ ತಲೆ ಎಣಿಸೋಕೆ ಬರಲ್ಲ ಸ್ವಾಮಿ. ಇದು ಮುನ್ನೂರ ನಲವತ್ತು ಕಿಲೋವರೆಗೆ ರಾಜನ ಹಾಗೆ ಹೋಗುತ್ತೆ. ಅದರ ಮೇಲಾದ್ರೆ... ಹೋಗೋದೇನೋ ಹೋಗುತ್ತೆ, ಆದ್ರೆ ಕೆಳಕ್ಕೆ."

ಕನ್ನಡಕದಣ್ಣ ಬೆರಳು ಮಡಿಸಿ ಮನೆಯವರನ್ನು ಎಣಿಸತೊಡಗಿದ. "ಶನಿವಾರದವರೆಗೆ ನಿಮಗೇಂತ ಇಟ್ಟಿರ್ತೀನಿ," ಎಂದರು ಮಾಲೀಕರು. "ಮನೆಯವರ ತೂಕ ಸರಿಯಾಗಿ ಕೇಳ್ಕೊಂಡು ಬನ್ನಿ."

ಮದುವೆಯಾಗದವರು ಇಂಥ ಮಾತನ್ನು ಹಗುರವಾಗಿ ಹೇಳಬಹುದು.

ಮಾರನೆಯ ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಕೊಳ್ಳುತ್ತ ಅವನು ಹೆಂಡತಿಯನ್ನು ಕೇಳಿದ, "ಅಲ್ಲಾ, ನಿನ್ನ ತೂಕ ಈಗ ಎಷ್ಟಿರಬಹುದು?"

ಹೆಂಡತಿ ಚಾಕು ಕೆಳಗಿಟ್ಟಳು. "ಯಾಕೆ?"

"ಸುಮ್ನೆ."

"ಸುಮ್ನೆ ಯಾರ್ರೀ ಕೇಳ್ತಾರೆ ತೂಕಾನ? ನಾನೇನು ಮೂಟೇನಾ?"

ಬೆಣ್ಣೆ ಮೇಜಿನಿಂದ ಮಾಯವಾಯಿತು. ಮಧ್ಯಾಹ್ನದಿಂದ ಮನೆಯಲ್ಲಿ ಉಪ್ಪಿಲ್ಲದೆ ಬೇಯಿಸಿದ ತರಕಾರಿ ಶುರುವಾಯಿತು. ಅವಳು ತನ್ನ ತಟ್ಟೆಗೆ ಎರಡು ತುಂಡು ಹಾಕಿಕೊಂಡು, ಅದನ್ನೂ ಅವನಿಗೆ ಕಾಣುವ ಹಾಗೆ ಬಿಟ್ಟು ಎದ್ದಳು.

ಅತ್ತೆಯವರು ನಿವೃತ್ತ ಹೆಡ್‌ಮಿಸ್ಟ್ರೆಸ್ಸು. ಪ್ರಶ್ನೆ ಕೇಳಿ ಅಭ್ಯಾಸವಿದ್ದವರೇ ಹೊರತು ಉತ್ತರ ಕೊಟ್ಟಲ್ಲ. "ತೂಕಾನಾ? ಯಾವ ವರ್ಷದ್ದು?" ಎಂದರು. ಕೊನೆಗೆ ಮದುವೆಯ ವರ್ಷದ್ದನ್ನು ಹೇಳಿದರು. ಆ ತೂಕದಲ್ಲಿ ಈಗ ಅವರ ಅರ್ಧ ಭಾಗವೂ ಕೂರುತ್ತಿರಲಿಲ್ಲ.

ಭಾವಮೈದುನನನ್ನು ಫೋನಿನಲ್ಲಿ ಕೇಳಿದ. "ಎಪ್ಪತ್ತು ಭಾವ. ಕಾಲೇಜಿನಿಂದಲೂ ಎಪ್ಪತ್ತೇ. ಒಂದು ಗ್ರಾಂ ಆ ಕಡೆ ಈ ಕಡೆ ಆಗಿಲ್ಲ," ಎಂದ. ಅವನು ಕೂತು ಕಾಲು ಮುರಿದ ಮೂರು ಕುರ್ಚಿಗಳು ಮಾತಾಡುವಂತಿದ್ದರೆ ಬೇರೆಯೇ ಹೇಳುತ್ತಿದ್ದವು.

ಕೊನೆಗೆ ತೂಕದ ಯಂತ್ರವನ್ನೇ ಕೊಂಡು ತಂದು ಬಚ್ಚಲುಮನೆಯ ಕಾಲೊರಸಿನ ಕೆಳಗೆ ಬಚ್ಚಿಟ್ಟ. ಹೆಂಡತಿ ಮಾರನೆಯ ದಿನ ಅದನ್ನು ಚೀಲಕ್ಕೆ ಹಾಕಿಕೊಂಡು ಹೋಗಿ ಇಸ್ತ್ರಿಪೆಟ್ಟಿಗೆ ತಂದಳು.

ದಿಕ್ಕು ತೋಚದೆ ಅವನು ಮೆಟ್ಟಿಲ ಹತ್ತಿರ ನಿಂತು ಶೆಡ್ಡಿನ ಮಾಲೀಕರಿಗೆ ಫೋನ್ ಮಾಡಿದ. ಎದುರುಮನೆಯಾಕೆ ಬಾಗಿಲ ಸಂದಿಯಲ್ಲಿ ಹಾಲಿನ ಪಾಕೆಟ್ಟು ಎತ್ತಿಕೊಳ್ಳಲು ಬಗ್ಗಿದ್ದರು. ಒಂದು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಬಹಳ ವರ್ಷ ಟೀ ಕೊಟ್ಟು ಅರ್ಧ ಡಾಕ್ಟರಾಗಿದ್ದ ಹೆಂಗಸು. ಪಾಕೆಟ್ಟು ಎತ್ತಿಕೊಳ್ಳಲು ಎಷ್ಟು ಹೊತ್ತು ಬೇಕೋ ಅದಕ್ಕಿಂತ ಬಹಳ ಹೆಚ್ಚು ಹೊತ್ತು ಅವರು ಬಗ್ಗಿಯೇ ಇದ್ದರು. ಅವರ ಕಿವಿಗೆ ಬಿದ್ದದ್ದು ಇಷ್ಟು:

"ಹೌದು, ಡಾಕ್ಟರೇ ಕಳಿಸಿದ್ದು... ಇಲ್ಲ, ಮನೇಲಿ ಇನ್ನೂ ಹೇಳಿಲ್ಲ... ನೀರು ತುಂಬ್ಕೊಂಡ್ರೆ ತೆಗೀಬಹುದಲ್ವಾ?... ಎಲ್ಲರ ತೂಕ ನೋಡ್ದೆ ಆಗೋದೇ ಇಲ್ವಾ?... ಇನ್ನೆಷ್ಟು ವರ್ಷ ಬರಬಹುದು ಅಂತೀರಾ?... ಅಯ್ಯೋ, ಅಷ್ಟು ಬಂದ್ರೆ ಸಾಕು ಬಿಡಿ."

ಹಾಲು ಒಡೆಯುವುದರೊಳಗೆ ಎದುರುಮನೆಯಾಕೆ ಹೊಲಿಗೆ ಯಂತ್ರದ ಪಕ್ಕದಲ್ಲಿದ್ದರು.

"ಧೈರ್ಯ ತಂದ್ಕೋಬೇಕು ನೀವು," ಎಂದು ಹೆಂಡತಿಯ ಕೈ ಹಿಡಿದರು. "ನಿಮ್ಮೆಜಮಾನರಿಗೆ ನೀರು ತುಂಬ್ಕೊಂಡಿದೆ. ನೀರು ತುಂಬ್ಕೊಂಡಿದೆ ಅಂದ್ರೆ ಏನು? ಕಿಡ್ನಿ! ಮನೆಯವರ ತೂಕ ಎಲ್ಲಾ ಕೇಳಿದ್ರಾ ಇಲ್ವಾ?"

"ಕೇಳಿದ್ರು..." ಎಂದಳು ಹೆಂಡತಿ. ಬಾಯಿಂದ ಗುಂಡುಸೂಜಿ ಉದುರಿತು.

"ನೋಡಿ! ಯಾರದು ಹೊಂದುತ್ತೆ ಅಂತ ಹುಡುಕ್ತಿದಾರೆ. ನೇರವಾಗಿ ಕೇಳೋಕೆ ಸಂಕೋಚ, ಪಾಪ. ನಮ್ಮ ಕ್ಯಾಂಟೀನಿಗೆ ಬರ್ತಿದ್ದವರೊಬ್ಬರಿಗೆ ಹೀಗೇ ಆಗಿ ಅವರ ನಾದಿನಿದು ಹಾಕಿದ್ರು. ಆರೋಗ್ಯವಾಗೇ ಇದಾರೆ. ಮಾತು ಮಾತ್ರ ಈಗ ನಾದಿನಿ ಥರಾನೇ ಆಗಿದೆ."

ಆ ದಿನ ಹೆಂಡತಿ ಹೊಲಿದ ಪರದೆಗೆ ಎರಡು ತೋಳುಗಳು ಬಂದಿದ್ದವು.

ಅವನು ಅಂಗಡಿಯಲ್ಲಿದ್ದಾಗ ಅಡುಗೆಮನೆಯಲ್ಲಿ ಸಭೆ ಸೇರಿತು. ಅತ್ತೆಯವರೇ ಅಧ್ಯಕ್ಷರು. "ನಂದು ಹಳೇದಾದ್ರೂ ಗಟ್ಟಿ. ಒಂದು ದಿನಕ್ಕೂ ಕೈ ಕೊಟ್ಟಿಲ್ಲ," ಎಂದರು. "ಹೆಂಡತಿ ನಾನಿರುವಾಗ ನಿಂದ್ಯಾಕಮ್ಮ?" ಎಂದು ಹೆಂಡತಿ ಕಣ್ಣೊರಸಿಕೊಂಡಳು. ಮಗಳು, "ನನ್ನದೂ ಇದೆ," ಎಂದಾಗ ಇಬ್ಬರೂ ಒಟ್ಟಿಗೆ ಅವಳ ಬಾಯಿ ಮುಚ್ಚಿದರು. ಮೂಲೆಯಲ್ಲಿ ಡಬ್ಬಿ ತೆರೆದುಕೊಂಡು ನಿಂತಿದ್ದ ಭಾವಮೈದುನ ಬಿಸ್ಕತ್ತು ವಾಪಸು ಒಳಗಿಟ್ಟ. ಅದನ್ನು ಆ ಮನೆ ಹಿಂದೆಂದೂ ಕಂಡಿರಲಿಲ್ಲ. ಎರಡು ಲೋಟ ನೀರು ಕುಡಿದು, "ಭಾವನಿಗೆ ನಂದೇ ಇರಲಿ ಅಕ್ಕಾ. ದೊಡ್ಡದಿರುತ್ತೆ," ಎಂದ.

ಇತ್ತ ಕನ್ನಡಕದಣ್ಣನಿಗೆ ಲೋಕವೇ ಬದಲಾದಂತೆ ಕಂಡಿತು. ಬೆಣ್ಣೆ ವಾಪಸು ಬಂತು, ಜೊತೆಗೆ ಜಾಮನ್ನೂ ಕರೆತಂದಿತು. ಯಾರನ್ನೂ ಹತ್ತಿರ ಸೇರಿಸದ ಕಿಟಕಿ ಪಕ್ಕದ ತಮ್ಮ ಕುರ್ಚಿಯನ್ನು ಅತ್ತೆಯವರು ತಾವೇ ಒರೆಸಿ, "ಕೂತ್ಕೊಳ್ಳಿ ಅಳಿಯಂದ್ರೇ, ಗಾಳಿ ಬರುತ್ತೆ," ಎಂದರು. ಭಾವಮೈದುನ ಬರುವಾಗ ಹಣ್ಣು ತಂದ. ಹೋಗುವಾಗ ಅದನ್ನು ಬಿಟ್ಟೇ ಹೋದ. ಕಟ್ಟಡದ ಸೆಕ್ರೆಟರಿ ಕೂಡ ಮೆಟ್ಟಿಲಲ್ಲಿ ತಡೆದು, "ಮೇಂಟೆನೆನ್ಸ್ ಈ ತಿಂಗಳು ನಿಧಾನವಾಗಿ ಕೊಡಿ, ಅವಸರ ಏನಿಲ್ಲ," ಎಂದು ಹೆಗಲು ತಟ್ಟಿದರು. ಆ ಸೆಕ್ರೆಟರಿ ಸ್ವಂತ ಅಣ್ಣನಿಗೂ ಆಡಿದ ಮಾತಲ್ಲ ಅದು. ದೋಣಿ ಕೊಳ್ಳುವ ಆಲೋಚನೆಯಿಂದಲೇ ತನ್ನ ಮುಖಕ್ಕೆ ಒಂದು ಕಳೆ ಬಂದಿರಬೇಕು ಎಂದು ಅವನು ಕನ್ನಡಿ ನೋಡಿಕೊಂಡ. ಬಂದಿರುವ ಹಾಗೇ ಕಂಡಿತು.

ತೂಕದ ಸಮಸ್ಯೆಗೂ ದಾರಿ ಹೊಳೆದದ್ದು ಆಗಲೇ. ಕಟ್ಟಡದ ಹಳೇ ಲಿಫ್ಟಿನಲ್ಲಿ ಒಂದು ತಗಡು: 'ಮಿತಿ ನಾನೂರು ಕಿಲೋ. ಮೀರಿದರೆ ಬೆಲ್ ಹೊಡೆಯುತ್ತದೆ.' ದೋಣಿಯ ಮಿತಿ ಮುನ್ನೂರ ನಲವತ್ತು. ನಡುವಿನ ವ್ಯತ್ಯಾಸ ಅರವತ್ತು. ಅಂದರೆ ಇಪ್ಪತ್ತು ಲೀಟರಿನ ಮೂರು ನೀರಿನ ಕ್ಯಾನು. ಮನೆಯವರೆಲ್ಲ ಮೂರು ಕ್ಯಾನಿನ ಜೊತೆ ಲಿಫ್ಟಿನಲ್ಲಿ ನಿಂತಾಗ ಬೆಲ್ ಹೊಡೆಯದಿದ್ದರೆ ಬಿಳಿ ದೋಣಿ ತಮ್ಮದು! ಯಾರನ್ನೂ ಏನೂ ಕೇಳಬೇಕಾಗಿಲ್ಲ. ಇಂಥ ತಲೆಯನ್ನು ಇಷ್ಟು ವರ್ಷ ಬರೀ ಕನ್ನಡಕಕ್ಕೆ ಬಳಸಿದೆನಲ್ಲ ಎಂದು ಅವನಿಗೆ ಸ್ವಲ್ಪ ಬೇಸರವೂ ಆಯಿತು.

ಶನಿವಾರ ಬೆಳಿಗ್ಗೆ ಕ್ಯಾನುಗಳು ಬಂದವು. "ಎಲ್ಲರೂ ಒಂದು ನಿಮಿಷ ಲಿಫ್ಟಿಗೆ ಬರ್ತೀರಾ? ಈ ಕ್ಯಾನೂ ತಗೊಂಡು," ಎಂದ ಮೆಲ್ಲಗೆ.

ಬೇರೆ ದಿನವಾಗಿದ್ದರೆ ಮನೆಯಲ್ಲಿ ವಿಚಾರಣೆಯೇ ನಡೆಯುತ್ತಿತ್ತು. ಇಂದು ಹೆಂಡತಿ ಮೂಗೊರಸಿಕೊಂಡು, "ನೀವು ಎಲ್ಲಿಗೆ ಕರೆದ್ರೂ ಬರ್ತೀವ್ರೀ," ಎಂದಳು. ರೋಗಿಯ ಆಸೆ, ಎದುರಾಡಬಾರದು ಎಂದು ಅತ್ತೆಯವರು ಮೊಮ್ಮಗಳಿಗೆ ಕಣ್ಸನ್ನೆ ಮಾಡಿದರು. ಭಾವಮೈದುನ ಎರಡು ಕ್ಯಾನನ್ನು ಎರಡು ಕಂಕುಳಲ್ಲಿ ಇರುಕಿಕೊಂಡ. ಒಬ್ಬೊಬ್ಬರಾಗಿ ಒಳಗೆ ಹೋದರು. ಕನ್ನಡಕದಣ್ಣ ಕೊನೆಗೆ ಹತ್ತಿ, ಉಸಿರು ಬಿಗಿಹಿಡಿದು, ಕಿವಿಯನ್ನು ಬೆಲ್ಲಿಗೆ ಆನಿಸಿ ನಿಂತ.

ಬೆಲ್ ಹೊಡೆಯಲಿಲ್ಲ.

"ಹೊಡೀಲಿಲ್ಲ! ಹೊಡೀಲೇ ಇಲ್ಲ!" ಎಂದು ಕುಣಿದ. ಆಸ್ಪತ್ರೆಗೇ ಹೊರಟಿದ್ದೇವೆಂದು ತಿಳಿದಿದ್ದ ಭಾವಮೈದುನ ಆ ಸಂಭ್ರಮ ನೋಡಲಾರದೆ ಮುಖ ತಿರುಗಿಸಿ ಕೆಳಗಿನ ಗುಂಡಿ ಒತ್ತಿದ. ಲಿಫ್ಟು ನರಳಿತು. ನಾಲ್ಕನೆಯ ಮಹಡಿ ಬಿಟ್ಟು, ಮೂರನೆಯದನ್ನು ದಾಟಿ, ಇನ್ನು ನನ್ನ ಕೈಲಾಗದು ಎಂಬಂತೆ ಒಮ್ಮೆ ಕುಲುಕಿ ನಿಂತಿತು.

ನಿಂತದ್ದೂ ಸರಿಯಾದ ಜಾಗದಲ್ಲಲ್ಲ. ಮೂರನೆಯ ಮಹಡಿಯವರಿಗೆ ಜಾಲರಿಯಲ್ಲಿ ಇವರ ತಲೆಗಳು ಮಾತ್ರ ಕಾಣುತ್ತಿದ್ದವು, ಎರಡನೆಯ ಮಹಡಿಯವರಿಗೆ ಕಾಲುಗಳು ಮಾತ್ರ. ಸದ್ದು ಕೇಳಿ ಎರಡೂ ಕಡೆ ಜನ ಸೇರಿದರು. ಎದುರುಮನೆಯಾಕೆ ಮೇಲಿನಿಂದ, "ಅಯ್ಯೋ, ರೋಗಿ ಒಳಗಿದಾರೆ! ಗಾಳಿ ಬಿಡಿ, ಗಾಳಿ ಬಿಡಿ!" ಎಂದು ಕೂಗಿದರು. ಸೆಕ್ರೆಟರಿ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು.

ಒಳಗೆ ಕೈ ಅಲ್ಲಾಡಿಸಲೂ ಜಾಗವಿರಲಿಲ್ಲ. ಭಾವಮೈದುನ ಗಂಟಲು ಸರಿಮಾಡಿಕೊಂಡ.

"ಭಾವಾ, ನಮಗೆಲ್ಲ ಗೊತ್ತಾಗಿದೆ."

"ಗೊತ್ತಾಯ್ತಾ!" ಕನ್ನಡಕದಣ್ಣನ ಮುಖ ಸಣ್ಣದಾಯಿತು. "ಯಾರು ಹೇಳಿದ್ರು? ನಾನೇ ಹೇಳೋಣ ಅಂತಿದ್ದೆ."

"ನೀವು ಸಂಕೋಚ ಪಟ್ಕೋಬೇಡಿ. ನಾನು ರೆಡಿ. ಎಡಗಡೇದೋ ಬಲಗಡೇದೋ, ನೀವೇ ಹೇಳಿ."

"ನೀನು ಯಾವ ಕಡೆಯಾದ್ರೂ ಕಷ್ಟಾನೇ ಕಣಯ್ಯ. ನೀನು ಮಧ್ಯಕ್ಕೇ ಸರಿ."

"ಮಧ್ಯದಲ್ಲಿ ಇರಲ್ವಲ್ಲ ಭಾವ!" ಎಂದ ಅವನು ಗಾಬರಿಯಿಂದ ಹೊಟ್ಟೆ ಮುಟ್ಟಿ ನೋಡಿಕೊಂಡು.

ಹೆಂಡತಿ ಅಳುತ್ತಲೇ ತೋಳು ಹಿಡಿದಳು. "ಇವನದು ಬೇಡ, ನಂದೇ ತಗೊಳ್ರೀ. ಯಾವಾಗ ಅಂದಿದಾರೆ?"

"ಇವತ್ತು ಸಂಜೆಯೊಳಗೆ ಹೇಳ್ಬೇಕು. ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತಾರಂತೆ."

"ಬೇರೆಯವರಿಗಾ?" ಅತ್ತೆಯವರ ದನಿ ಶಾಲೆಯ ಅಂಗಳದ ದನಿಯಾಯಿತು. "ನಮ್ಮ ಮನೆಯವರದನ್ನ ತೆಗೆದು ಬೇರೆಯವರಿಗೆ ಕೊಡೋಕೆ ಅವನ್ಯಾರು? ಯಾವ ಡಾಕ್ಟರು ಅವನು?"

"ಡಾಕ್ಟರಲ್ಲ ಅತ್ತೆ, ಶೆಡ್ಡಿನವರು."

"ಶೆಡ್ಡಲ್ಲಿ ಮಾಡಿಸ್ತೀರಾ!" ಹೆಂಡತಿ ಕಿರುಚಿದಳು. "ದುಡ್ಡು ಉಳಿಸೋಕೆ ಶೆಡ್ಡಲ್ಲಿ ಮಾಡಿಸ್ತೀರಾ?"

"ಮಾಡಿಸೋದಲ್ವೇ, ಮಾಡಿರೋದೇ. ಬಿಳೀದು. ಪಕ್ಕದಲ್ಲಿ ಕೆಂಪು ಗೆರೆ ಇದೆ."

ಆಗ ಮಗಳು ಬಾಯಿ ತೆರೆದಳು. "ಅಪ್ಪ, ನೀನು ಏನು ತಗೊಳ್ತಾ ಇದೀಯ? ಒಂದೇ ಮಾತಲ್ಲಿ ಹೇಳು."

"ದೋಣಿ."

 ಮೇಲಿನ ಮಹಡಿಯವರು ಜಾಲರಿಗೆ ಇನ್ನಷ್ಟು ಬಗ್ಗಿದರು, ಕೆಳಗಿನವರು ತುದಿಗಾಲಲ್ಲಿ ನಿಂತರು.

"ದೋಣಿ," ಎಂದಳು ಹೆಂಡತಿ ನಿಧಾನವಾಗಿ. "ನನ್ನ ತೂಕ ಕೇಳಿದ್ದು ದೋಣಿಗೆ."

"ಹೂಂ. ಮತ್ಯಾಕಂದ್ಕೊಂಡೆ?"

ಅವಳಿಗೆ ಹೊಡೆಯಲು ಕೈ ಎತ್ತುವಷ್ಟು ಜಾಗವಿರಲಿಲ್ಲ. ಅದು ಅವನ ಪುಣ್ಯ. ಹಣೆಯನ್ನು ಅವನ ಭುಜಕ್ಕೆ ಡಿಕ್ಕಿ ಹೊಡೆದಳು, ಇನ್ನೊಮ್ಮೆ ಹೊಡೆದಳು, ಮೂರನೆಯ ಸಲ ಅಲ್ಲೇ ಇಟ್ಟು ಬಿಕ್ಕಿ ಬಿಕ್ಕಿ ನಗತೊಡಗಿದಳು. ಕಿಡ್ನಿಯ ಕಥೆಯನ್ನು ಮಗಳು ಅವನಿಗೆ ಹೇಳಿದಳು. ಅವನು ಕನ್ನಡಕದ ಮೇಲಿನಿಂದ ಒಬ್ಬೊಬ್ಬರನ್ನೇ ನೋಡಿದ. 

"ಅಂದ್ರೆ ಎರಡೂ ಸರಿಯಾಗಿದಾವಾ?" ಅತ್ತೆಯವರು ಕೇಳಿದರು.

"ಇದಾವೆ ಅತ್ತೆ."

"ಒಳ್ಳೇದಾಯ್ತು. ಆ ಕಿಟಕಿ ಹತ್ರದ ಕುರ್ಚಿ ಸಂಜೆಯಿಂದ ನಂದು."

ಭಾವಮೈದುನ ಒಂದು ಕ್ಯಾನಿನ ಮೇಲೆ ದೊಪ್ಪನೆ ಕೂತು, ಜೇಬಿನಿಂದ ಚಾಕೊಲೇಟು ತೆಗೆದ.

ಅಷ್ಟರಲ್ಲಿ ಮೆಕ್ಯಾನಿಕ್ಕು ಬಂದ. ತಿಂಡಿಯ ಮಧ್ಯೆ ಎದ್ದು ಬಂದಿದ್ದರಿಂದ ಬಹಳ ಸಿಟ್ಟಿನಲ್ಲಿದ್ದ. "ಕೈಯಿಂದ ತಿರುಗಿಸಿ ಇಳಿಸ್ಬೇಕು," ಎಂದು ಮೇಲಿನಿಂದ ಕೂಗಿದ. "ಒಳಗೆ ಎಷ್ಟು ತೂಕ ಇದೆ? ಒಬ್ಬೊಬ್ಬರಾಗಿ ಸರಿಯಾಗಿ ಹೇಳಿ. ಗೊತ್ತಾಗ್ದೆ ನಾನು ಬ್ರೇಕ್ ಬಿಡಲ್ಲ."

ಒಂದು ವಾರದಿಂದ ಕನ್ನಡಕದಣ್ಣ ಕಾಲಿಗೆ ಬಿದ್ದರೂ ಹೊರಬರದ ಸತ್ಯ ಈಗ ಇಡೀ ಕಟ್ಟಡದ ಎದುರು ಹೊರಬರಬೇಕಾಯಿತು. "ಅರವತ್ತೊಂದು," ಎಂದು ಅವನೇ ಶುರುಮಾಡಿದ. ಮಗಳು, "ನಲವತ್ತೇಳು," ಎಂದಳು. ಹೆಂಡತಿ ಏನೋ ಪಿಸುಗುಟ್ಟಿದಳು.

"ಕೇಳಿಸ್ತಿಲ್ಲ!"

"ಅರವತ್ತೆಂಟಂತೆ!" ಎದುರುಮನೆಯಾಕೆ ಎರಡೂ ಮಹಡಿಗೆ ಕೇಳುವಂತೆ ಉಪಕಾರ ಮಾಡಿದರು.

"ಎಪ್ಪತ್ನಾಲ್ಕು," ಎಂದರು ಅತ್ತೆಯವರು, ಹಾಜರಿ ಕೂಗಿದಂತೆ. "ಈ ವರ್ಷದ್ದು."

"ಎಪ್ಪತ್ತು," ಎಂದ ಭಾವಮೈದುನ.

"ಸುಳ್ಳಾದ್ರೆ ಬ್ರೇಕ್ ಬಿಟ್ಟಾಗ ಗೊತ್ತಾಗುತ್ತೆ ನೋಡಿ!"

"...ಎಂಬತ್ತು ಅಂತ ಇಟ್ಕೊಳ್ಳಿ."

"ಬಿಡ್ತಾ ಇದೀನಿ!"

"ತೊಂಬತ್ತೆಂಟು! ತೊಂಬತ್ತೆಂಟು! ಬಿಡ್ಬೇಡಿ!"

ಎರಡನೆಯ ಮಹಡಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. "ಒಟ್ಟು ಮುನ್ನೂರ ನಲವತ್ತೆಂಟು. ಇಪ್ಪತ್ತು ಲೀಟರಿನ ಮೂರು ನೀರಿನ ಕ್ಯಾನು ಬೇರೆ," ಎಂದಳು ಮಗಳು. ಕನ್ನಡಕದಣ್ಣ ಲಿಫ್ಟಿನ ಗೋಡೆಗೆ ಒರಗಿದ. ಎಂಟು ಕಿಲೋ ಜಾಸ್ತಿ. ಬಿಳಿ ದೋಣಿ ಕೆಂಪು ಗೆರೆಯ ಸಮೇತ ಅವನ ಕಣ್ಣೆದುರೇ ಮುಳುಗಿತು.

"ಕ್ಯಾನು ಸೇರಿ ನಾನೂರ ಎಂಟು!" ಮೆಕ್ಯಾನಿಕ್ಕು ಗುಡುಗಿದ. "ಮತ್ತೆ ಬೆಲ್ ಯಾಕೆ ಹೊಡೀಲಿಲ್ಲ? ಇದರ ವೈರು ಕಿತ್ತೋರು ಯಾರು?"

ಒಳಗಿನವರ ಕಣ್ಣೆತ್ತರದಲ್ಲಿ, ಮೂರನೆಯ ಮಹಡಿಯ ಅಂಚಿನಲ್ಲಿ, ಸೆಕ್ರೆಟರಿಯವರ ಚಪ್ಪಲಿಗಳು ಕಾಣುತ್ತಿದ್ದವು. ಮಧ್ಯಾಹ್ನದ ನಿದ್ದೆಗೆ ಆ ಬೆಲ್ಲಿನಿಂದ ಬಹಳ ತೊಂದರೆಯಾಗುತ್ತಿದ್ದ ಚಪ್ಪಲಿಗಳವು. ಮೆಲ್ಲಗೆ ಹಿಂದೆ ಸರಿದು ಮಾಯವಾದವು.

ಲಿಫ್ಟು ಗೇಣು ಗೇಣಾಗಿ ಇಳಿಯುತ್ತಿರುವಾಗ ಭಾವಮೈದುನ, "ನೀವೆಲ್ಲ ಆ ದೋಣೀಲಿ ಹೋಗ್ಬನ್ನಿ ಭಾವ. ನಾನು ದಡದಲ್ಲಿ ತಿಂಡಿ ಕಾಯ್ಕೊಂಡಿರ್ತೀನಿ," ಎಂದ. ಅವನಿಗೆ ತಿಂಡಿ ಕಾಯುವ ಕೆಲಸ ವಹಿಸುವ ಅಪಾಯದ ಬಗ್ಗೆ ಯಾರೂ ತಮಾಷೆ ಮಾಡಲಿಲ್ಲ.

"ಕಿಡ್ನಿ ಕೊಡೋಕೆ ಹೊರಟವನನ್ನ ದಡದಲ್ಲಿ ಬಿಟ್ಟು ಹೋಗ್ತಾರೇನೋ?" ಎಂದಳು ಅಕ್ಕ. "ನಡೀರಿ, ಆ ಶೆಡ್ಡು ಎಲ್ಲಿದೆ ತೋರ್ಸಿ."

ಶೆಡ್ಡಿನಲ್ಲಿ ಹೆಂಡತಿ ಬಿಳಿ ದೋಣಿಯ ಸುತ್ತ ಒಂದು ಸುತ್ತು ಬಂದು, ಕೆಂಪು ಗೆರೆಯನ್ನು ಉಗುರಿನಿಂದ ಕೆರೆದಳು. ಗೆರೆ ಉಗುರಿಗೆ ಬಂತು. "ಅದೇನದು ಹಿಂದೆ?" ಎಂದು ಕೇಳಿದಳು.

"ಅದು ಬಿಡಿ ಅಮ್ಮ," ಮಾಲೀಕರು ನಾಚಿಕೊಂಡರು. "ಕೆರೆಯ ಜೊಂಡು ಕೀಳೋಕೆ ಇಟ್ಟಿದ್ದ ದೋಣಿ. ಹಸಿ ಜೊಂಡು ಒಂದು ಟನ್ ಹೇರಿದ್ರೂ ಜಗ್ಗಲ್ಲ, ಆದ್ರೆ ನೋಡೋಕೆ ಚೆಂದ ಇಲ್ಲ. ಬಿಳೀದರ ಅರ್ಧ ಬೆಲೆಗೂ ಯಾರೂ ಕೇಳ್ತಿಲ್ಲ."

ಒಂದು ಟನ್ ಎಂಬುದನ್ನು ಕೇಳಿ ಭಾವಮೈದುನ ಆ ದೋಣಿಯನ್ನು ಕಳೆದುಹೋದ ನೆಂಟನನ್ನು ನೋಡುವಂತೆ ನೋಡಿದ. ಅತ್ತೆಯವರು ಆಗಲೇ ಅದರೊಳಗೆ ಹತ್ತಿ, ನಡುವಿನ ಹಲಗೆಯ ಮೇಲೆ ಕೂತು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಕನ್ನಡಕದಣ್ಣ ಎರಡೂ ದೋಣಿಗಳ ನಡುವೆ ನಿಂತ.  "ಇದು ಚೆನ್ನಾಗಿ ಕಾಣುತ್ತೋ... ಇದೋ?" ಎಂದ.

"ಚೆನ್ನಾಗಿ ಕಾಣೋದು ದಡದಲ್ಲಿ ನಿಂತವರಿಗೆ," ಎಂದಳು ಹೆಂಡತಿ. "ನಾವು ಒಳಗಿರ್ತೀವಲ್ಲ. ಇದೇ ಇರಲಿ."

ಉಳಿದ ಹಣದಲ್ಲಿ ಐದು ಲೈಫ್ ಜಾಕೆಟ್ಟು ಬಂದವು. ಭಾವಮೈದುನನ ಜಾಕೆಟ್ಟಿನ ಪಟ್ಟಿಗಳು ಒಂದನ್ನೊಂದು ಭೇಟಿಯಾಗಲು ಒಪ್ಪಲಿಲ್ಲ. ಹೆಂಡತಿ ಆ ತಪ್ಪು ಹೊಲಿದ ಪರದೆಯ ಎರಡು ತೋಳುಗಳನ್ನು ಬಿಚ್ಚಿ, ಮಡಿಸಿ, ಪಟ್ಟಿಗೆ ಜೋಡಿಸಿದಳು. ಹೂವಿನ ಚಿತ್ತಾರದ ಆ ಜಾಕೆಟ್ಟು ಅವನಿಗೆ ಒಪ್ಪುತ್ತಿತ್ತು ಎಂದೇ ಹೇಳಬೇಕು.

ಭಾನುವಾರ ದೋಣಿ ನೀರಿಗಿಳಿಯಿತು. ಕನ್ನಡಕದಣ್ಣ ಒಂದು ಹುಟ್ಟು ಹಿಡಿದ, ಭಾವಮೈದುನ ಇನ್ನೊಂದು. ಇವನು ನಾಲ್ಕು ಸಲ ಎಳೆಯುವಷ್ಟನ್ನು ಅವನು ಒಂದೇ ಸಲಕ್ಕೆ ಎಳೆಯುತ್ತಿದ್ದರಿಂದ ದೋಣಿ ದಡದ ಹತ್ತಿರವೇ ಗಿರಗಿರನೆ ತಿರುಗಿತು. ದಡದಲ್ಲಿದ್ದ ಕೆಲವರು ಅದನ್ನು ಯಾವುದೋ ಆಟವೆಂದು ತಿಳಿದು ನೋಡುತ್ತ ನಿಂತರು. "ಸಾಕು!" ಎಂದರು ಅತ್ತೆಯವರು. "ಅಳಿಯಂದ್ರು ಜೋರು, ನೀನು ಮೆಲ್ಲಗೆ. ಒಂದು, ಎರಡು! ಒಂದು, ಎರಡು! ಕಿಟಕಿ ಆಚೆ ನೋಡ್ಬೇಡ!" ಕಿಟಕಿ ಇರಲಿಲ್ಲ, ಆದರೆ ದೋಣಿ ನೆಟ್ಟಗಾಯಿತು. ಜೊಂಡಿನ ದೋಣಿಯ ಗುರುತು ಹಿಡಿದ ಬಾತುಕೋಳಿಗಳು, ಇವತ್ತೂ ಬೇರಿನ ಜೊತೆ ಹುಳ ಸಿಗಬಹುದೆಂದು ಸಾಲಾಗಿ ಹಿಂದೆ ಬಂದವು. ಮೆರವಣಿಗೆಯಂತಿತ್ತು. ನೀಲಿ ದೋಣಿ, ಬಿಳಿ ದೋಣಿಗಳೆಲ್ಲ ದಾಟಿ ಮುಂದೆ ಹೋದವು. ಇವರಿಗೆ ಅವಸರವಿರಲಿಲ್ಲ, ಇದ್ದರೂ ಆ ದೋಣಿಗೆ ಇರಲಿಲ್ಲ.

ಕೆರೆಯ ನಡುವೆ ಬಂದಾಗ ಮಗಳು ಮುಂದೆ ಕೂತು ನೀರಿಗೆ ಕೈ ಬಿಟ್ಟಳು. ಅತ್ತೆಯವರು ಎಣಿಸುವುದನ್ನು ಮರೆತರು. ಸ್ವಲ್ಪ ಹೊತ್ತಿನ ಮೇಲೆ ಕನ್ನಡಕದಣ್ಣ ಹಿಂದೆ ತಿರುಗಿ ನೋಡಿದ. ದೋಣಿಯ ತಳದ ಅಗಲ ಹಲಗೆಗಳ ಮೇಲೆ ಹೆಂಡತಿ ಕಾಲು ಚಾಚಿ, ತಿಂಡಿಯ ಚೀಲವನ್ನೇ ತಲೆದಿಂಬು ಮಾಡಿಕೊಂಡು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಪಾದಗಳು ಅಲ್ಲಾಡುತ್ತಿರಲಿಲ್ಲ. ಹಗಲು ಹೊತ್ತಿನಲ್ಲಿ ಅವಳು ಮಲಗಿದ್ದನ್ನು ಅವನು ಯಾವಾಗ ನೋಡಿದ್ದ? ನೋಡಿರಲೇ ಇಲ್ಲ.

ಭಾವಮೈದುನನ ಕಣ್ಣು ಆ ಚೀಲದ ಮೇಲಿತ್ತು. ಒಳಗೆ ಬೇಯಿಸಿದ ಮೊಟ್ಟೆ, ಬ್ರೆಡ್ಡು, ಒಂದು ಇಡೀ ಕೇಕು ಇರುವುದು ಅವನಿಗೆ ಗೊತ್ತಿತ್ತು. ಕೈಸನ್ನೆಯಿಂದ, ಸ್ವಲ್ಪ ಎಳೆದುಕೊಳ್ಳಲೇ ಎಂದು ಕೇಳಿದ. ಅತ್ತೆಯವರು ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಅವನು ಹೊಟ್ಟೆ ತೋರಿಸಿದ. ಅವರು ಮತ್ತೆ ತಲೆಯಾಡಿಸಿದರು.

ಆಚೆ ದಡ ಹತ್ತಿರವಾಯಿತು. ಮಗಳು ಹಿಂದೆ ಬಾಗಿ, "ಅಪ್ಪ, ದಡ ಬಂತು," ಎಂದು ಪಿಸುಗುಟ್ಟಿದಳು.

ಕನ್ನಡಕದಣ್ಣ ಹುಟ್ಟು ಮೇಲೆತ್ತಿದ. ನೀರು ಹೆಂಡತಿಯ ಮೇಲೆ ತೊಟ್ಟಿಕ್ಕದ ಹಾಗೆ ಹೊರಗೆ ಚಾಚಿ, ನಿಧಾನವಾಗಿ ಎದುರು ದಿಕ್ಕಿಗೆ ಹಾಕಿದ. ದೋಣಿ ದಡಕ್ಕೆ ಬೆನ್ನು ತಿರುಗಿಸಿತು. ಬಾತುಕೋಳಿಗಳೂ ತಿರುಗಿದವು. ಭಾವಮೈದುನ ಒಂದು ದೊಡ್ಡ ನಿಟ್ಟುಸಿರನ್ನು ಸದ್ದಾಗದಂತೆ ಬಿಟ್ಟು, ತಾನೂ ಹುಟ್ಟು ಹಾಕಿದ.